ಕುದುರೆ ಎಳೆದ ದಾರಿ, ರೈಲು ಬಿಟ್ಟ ದಾರಿ

ಬೀದರ್ ಕೋಟೆಯ ಕಡೆಯಿಂದ ಅಷ್ಟೂರಿನ ಬಹಮನಿ ಗುಮ್ಮಟಗಳಿಗೆ ಮೂರ್ನಾಲ್ಕು ಕಿಲೋಮೀಟರು. ಬೆಳಿಗ್ಗೆ ಆರಕ್ಕೆ ಹೊರಟರೆ ಎದುರಾಗುವುದು ಹಾಲಿನ ಕ್ಯಾನು ಕಟ್ಟಿದ ಬೈಕು, ಮೇಯಲು ಹೊರಟ ಎಮ್ಮೆ, ಅಷ್ಟೇ. ಅದೇ ಸೈಕಲ್ಲನ್ನು ಹುಮನಾಬಾದ ಕಡೆ ತಿರುಗಿಸಿದರೆ ಹೆದ್ದಾರಿಯ ಬಿಳಿ ಗೆರೆಯಾಚೆ ಒಂದೂವರೆ ಅಡಿ ಜಾಗ, ಅದರ ತುಂಬ ಜಲ್ಲಿ, ಒಡೆದ ಗಾಜು. ಲಾರಿ ಪಕ್ಕಕ್ಕೆ ಬಂದಾಗ ಅದರ ಗಾಳಿ ಮೊದಲು ಹೊರಕ್ಕೆ ತಳ್ಳುತ್ತದೆ, ದಾಟುತ್ತಿದ್ದಂತೆ ಒಳಕ್ಕೆ ಎಳೆಯುತ್ತದೆ. ತಳ್ಳಿದ್ದನ್ನು ತಡೆಯಲು ರಸ್ತೆಯ ಕಡೆ ವಾಲಿದವರು ಎಳೆತ ಬಂದಾಗ ಇನ್ನಷ್ಟು ಒಳಗೆ ಹೋಗುತ್ತಾರೆ. ದೂರ ಸೈಕಲ್ ಹೊಡೆಯುವವರಿಗೆ ಈ ಎರಡು ದಾರಿಗಳ ಅಂತರ ಮೈಗೇ ಗೊತ್ತು.

ಅಂಥವರು ನಾಲ್ಕು ಜನ ಕೂಡಿದರೆ ಯುರೋಪಿನ ಕಣಿವೆಗಳ ಮಾತು ಬರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ, ನಡುವೆ ದ್ರಾಕ್ಷಿ ತೋಟ, ದಿನಗಟ್ಟಲೆ ಲಾರಿಯೇ ಕಾಣದ ದಾರಿ. ಅಲ್ಲಿ ದುಡ್ಡಿದೆ, ಕಟ್ಟಿಕೊಂಡರು ಎನ್ನುವುದು ಅರ್ಧ ಉತ್ತರ. ಆ ದಾರಿಗಳಲ್ಲಿ ಬಹಳಷ್ಟನ್ನು ಸೈಕಲ್ಲಿಗೆಂದು ಕಟ್ಟಲೇ ಇಲ್ಲ. ಕುದುರೆಗೆ, ಉಗಿಬಂಡಿಗೆ, ನದಿಯ ಒಡ್ಡು ಕಾಯುವವರಿಗೆ ಕಟ್ಟಿದ್ದು ಅವು. ಅವರ ಕೆಲಸ ಮುಗಿದ ಮೇಲೆ ಉಳಿದ ಮಟ್ಟಸ ನೆಲ ಸೈಕಲ್ಲಿಗೆ ದಕ್ಕಿತು. ಈ ಹಿನ್ನೆಲೆ ಗೊತ್ತಿದ್ದರೆ ಅಲ್ಲಿಗೆ ಹೋಗುವವರಿಗೆ ಯಾವ ತುದಿಯಿಂದ, ಎಷ್ಟು ಹೊತ್ತಿಗೆ ಹೊರಡಬೇಕೆಂಬುದು ತಿಳಿಯುತ್ತದೆ. ನಮ್ಮ ಕಡೆ ಅಂಥ ದಾರಿಯನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ.

ರಸ್ತೆ ಮೊದಲು ಸೈಕಲ್ಲಿನದೇ ಆಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಸರಿಸುಮಾರು ಒಂದೇ ಅಳತೆಯ, ಹಿಂದಿನ ಗಾಲಿಗೆ ಚೈನು ಹಾಕಿದ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಹವಾ ತುಂಬಿದ ಟೈರು ಮಾಡಿದ. ಹತ್ತು ವರ್ಷದೊಳಗೆ ಸೈಕಲ್ ಹತ್ತಿ ಊರು ನೋಡಲು ಹೋಗುವುದು ಒಂದು ಹವ್ಯಾಸವೇ ಆಯಿತು, ಒಳ್ಳೆಯ ರಸ್ತೆ ಬೇಕೆಂದು ಸರ್ಕಾರಗಳನ್ನು ಮೊದಲು ಒತ್ತಾಯಿಸಿದವರಲ್ಲಿ ಸೈಕಲ್ ಸವಾರರೂ ಇದ್ದರು. 1894ರಲ್ಲಿ ಇಟಲಿಯ ಮಿಲಾನಿನಲ್ಲಿ 57 ಸವಾರರು ಸೇರಿ ಒಂದು ಪ್ರವಾಸಿ ಸೈಕಲ್ ಸಂಘ ಕಟ್ಟಿದರು. 1900ರ ಹೊತ್ತಿಗೆ ಆ ಸಂಘ ತನ್ನ ಹೆಸರಿನಿಂದ ‘ಸೈಕಲ್’ ಎಂಬ ಮಾತನ್ನೇ ತೆಗೆದುಹಾಕಿ ಟೂರಿಂಗ್ ಕ್ಲಬ್ ಇಟಾಲಿಯಾನೊ ಆಯಿತು. ಮೋಟಾರು ಕಾರು ಬಂದಿತ್ತು. ಮುಂದಿನ ಅರ್ಧ ಶತಮಾನದಲ್ಲಿ ಡಾಂಬರು ಬಿದ್ದ ರಸ್ತೆಯೆಲ್ಲ ಕಾರಿನ ಪಾಲಾಗಿ, ಸೈಕಲ್ಲು ಅಂಚಿಗೆ ಸರಿಯಿತು.

ಮರಳಿ ಸಿಕ್ಕ ದಾರಿಗಳಲ್ಲಿ ಮೊದಲು ಹೇಳಬೇಕಾದದ್ದು ಡ್ಯಾನ್ಯೂಬ್ ನದಿಯದು. ಉಗಿಹಡಗು ಬರುವ ಮುಂಚೆ ಹೊಳೆಯ ಎದುರು ಸರಕಿನ ದೋಣಿ ಸಾಗಿಸಲು ದಡದ ಮೇಲೆ ಕುದುರೆಗಳ ಸಾಲು ಹೂಡಿ ಹಗ್ಗದಿಂದ ಎಳೆಯುತ್ತಿದ್ದರು. ಹಗ್ಗ ತೊಡಕಬಾರದೆಂದು ದಾರಿಗೂ ನೀರಿಗೂ ನಡುವೆ ಮರ ಬೆಳೆಯಲು ಬಿಡುತ್ತಿರಲಿಲ್ಲ. ಕುದುರೆ ದಣಿಯಬಾರದೆಂದು ದಾರಿಯನ್ನು ನೀರಿನ ಮಟ್ಟಕ್ಕೇ ಒಯ್ದಿದ್ದರು. ಇವತ್ತು ಆ ಹಾದಿಯಲ್ಲಿ ನದಿ ಅಡ್ಡಿಯಿಲ್ಲದೆ ಕಾಣುವುದಕ್ಕೂ ಏರು ಇಲ್ಲದಿರುವುದಕ್ಕೂ ಆ ಹಗ್ಗ, ಆ ಕುದುರೆಯೇ ಕಾರಣ. 1829ರಲ್ಲಿ ಡ್ಯಾನ್ಯೂಬ್ ಉಗಿಹಡಗು ಕಂಪನಿ ಹುಟ್ಟಿತು, ಮುಂದೆ ನದಿಯ ಪಕ್ಕಕ್ಕೆ ರೈಲೂ ಬಂತು, ಕುದುರೆಗೆ ಕೆಲಸ ಹೋಯಿತು. ಆದರೂ ದಡ ನೋಡಿಕೊಳ್ಳುವ ಇಲಾಖೆಗೆ ಓಡಾಡಲು ದಾರಿ ಬೇಕಿತ್ತು, ಹಾಗಾಗಿ ಅದು ಅಳಿಯಲಿಲ್ಲ. 1980ರ ದಶಕದಲ್ಲಿ ಅದನ್ನೇ ಸೈಕಲ್ಲಿಗೆ ತೆರೆದು ಫಲಕ ನೆಟ್ಟರು.

ಜರ್ಮನಿಯ ಪಸ್ಸಾವಿನಿಂದ ಆಸ್ಟ್ರಿಯದ ವಿಯೆನ್ನಾಕ್ಕೆ ಸುಮಾರು 320 ಕಿ.ಮೀ. ಅಷ್ಟು ದೂರದಲ್ಲಿ ನದಿ ಇಳಿಯುವುದು ನೂರೈವತ್ತು ಮೀಟರಿಗಿಂತ ಕಡಿಮೆ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಹೊಳೆ ಹರಿದತ್ತಲೇ ಹೋಗುವುದು ಲೇಸು. ಇದರ ತಿರುಳು ಮೆಲ್ಕಿನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ, ನಲವತ್ತು ಕಿ.ಮೀ.ಗಿಂತ ಕೊಂಚ ಕಡಿಮೆ, 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು. ಉತ್ತರ ದಡದಲ್ಲಿ ಸ್ಪಿಟ್ಸ್, ವೈಸೆನ್‌ಕಿರ್ಖೆನ್, ಡ್ಯೂರ್ನ್‌ಸ್ಟೈನ್ ಎಂಬ ವೈನಿನ ಹಳ್ಳಿಗಳಿವೆ, ಜೊತೆಗೆ ಕಾರುಗಳೂ. ದಕ್ಷಿಣ ದಡ ಹೆಚ್ಚು ಶಾಂತ. ಮೆಲ್ಕಿಗೂ ಕ್ರೆಮ್ಸ್‌ಗೂ ನಡುವೆ ಎಲ್ಲೂ ಸೇತುವೆ ಇಲ್ಲ. ದಾಟಬೇಕಾದರೆ ಸ್ಪಿಟ್ಸ್ ಅಥವಾ ವೈಸೆನ್‌ಕಿರ್ಖೆನ್‌ನಲ್ಲಿ ಎಂಜಿನ್ ಇಲ್ಲದ ದೋಣಿ ಹತ್ತಬಹುದು. ನದಿಯ ಮೇಲೆ ಬಿಗಿದ ತಂತಿಗೆ ಜೋತ ದೋಣಿಯನ್ನು ಸೆಳವಿಗೆ ಓರೆಯಾಗಿ ತಿರುಗಿಸಿದರೆ ಸೆಳವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸಂಜೆ ಕೊನೆಯ ದೋಣಿ ತಪ್ಪಿದರೆ ಸೇತುವೆಗೆ ಸುತ್ತುಹಾಕಬೇಕು, ಆದ್ದರಿಂದ ತಂಗುವ ಮನೆ ಯಾವ ದಡದಲ್ಲಿದೆ ಎಂಬುದನ್ನು ಬೆಳಿಗ್ಗೆಯೇ ನೋಡಿಕೊಳ್ಳಬೇಕು.

ದಾರಿಯಲ್ಲಿ ಕೆಲವು ರೈತರ ಮನೆಯ ಬಾಗಿಲಿಗೆ ಹಸಿರು ಟೊಂಗೆ ಕಟ್ಟಿರುತ್ತಾರೆ. 1784ರಲ್ಲಿ ಆಸ್ಟ್ರಿಯದ ಎರಡನೇ ಜೋಸೆಫ್ ದೊರೆ, ರೈತ ತಾನು ಬೆಳೆದ ದ್ರಾಕ್ಷಿಯ ವೈನನ್ನು ತನ್ನ ಅಂಗಳದಲ್ಲೇ ಮಾರಬಹುದೆಂದು ಅಪ್ಪಣೆ ಕೊಟ್ಟ. ಟೊಂಗೆ ಇದ್ದರೆ ಮನೆ ತೆರೆದಿದೆ ಎಂದರ್ಥ. ವೈನ್ ಮುಟ್ಟದವರಿಗೆ ದ್ರಾಕ್ಷಿ ರಸವೂ ರೊಟ್ಟಿ, ಚೀಸೂ ಸಿಗುತ್ತವೆ. ಕುಡಿದು ಸೈಕಲ್ ಹತ್ತುವವರಿಗೂ ಕಾನೂನು ಇದೆ. ರಕ್ತದಲ್ಲಿ ಆಲ್ಕೋಹಾಲಿನ ಮಿತಿ ಆಸ್ಟ್ರಿಯದಲ್ಲಿ ಸೈಕಲ್ಲಿಗೆ ಸಾವಿರಕ್ಕೆ 0.8, ಇಟಲಿಯಲ್ಲಿ ಕಾರಿನವರಂತೆಯೇ 0.5.

ಎರಡನೆಯ ಬಗೆಯ ದಾರಿ ರೈಲು ಬಿಟ್ಟದ್ದು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಬೇಗ ಜಾರುತ್ತದೆ, ಹಾಗಾಗಿ ಉಗಿಬಂಡಿಯ ದಾರಿಯನ್ನು ಕಡಿದಾಗಿ ಕಟ್ಟುವಂತಿರಲಿಲ್ಲ. 1867ರಲ್ಲಿ ಆಲ್ಪ್ಸ್ ದಾಟಿದ ಬ್ರೆನ್ನರ್ ರೈಲಿಗೂ ಅತಿ ಹೆಚ್ಚಿನ ಏರು ನೂರು ಮೀಟರಿಗೆ ಎರಡೂವರೆ ಮೀಟರಿನಷ್ಟೇ. ಆ ಏರಿನಲ್ಲಿ ಹದಿನೈದು ಕಿಲೋ ಸಾಮಾನು ಕಟ್ಟಿಕೊಂಡವರೂ ಕೂತೇ ತುಳಿಯಬಹುದು. ಬಸ್ಸು, ಕಾರು ಹೆಚ್ಚಿದಂತೆ ಸಣ್ಣ ಮಾರ್ಗಗಳು ನಷ್ಟಕ್ಕೆ ಬಿದ್ದವು. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ ಸಾವಿರಾರು ಮೈಲಿ ಹಳಿ ಮುಚ್ಚಲು ಹೇಳಿತು. ಉತ್ತರ ಇಟಲಿಯ ಬೋಲ್ಜಾನೊದಿಂದ ಕಾಲ್ಡಾರೊ ಎಂಬ ವೈನಿನ ಊರಿಗೆ 1898ರಲ್ಲಿ ಹಾಕಿದ್ದ ರೈಲಿನಲ್ಲಿ 1963ಕ್ಕೆ ಪ್ರಯಾಣಿಕರ ಸಂಚಾರ ನಿಂತಿತು. ಡೋಲಮೈಟ್ ಬೆಟ್ಟಗಳ ನಡುವೆ 1921ರಲ್ಲಿ ಪೂರ್ತಿಯಾದ ದೊಬ್ಬಿಯಾಕೊ–ಕೊರ್ತಿನಾ–ಕಲಾಲ್ಜೊ ರೈಲು 1964ಕ್ಕೆ ನಿಂತಿತು. ಇವೆರಡೂ ಈಗ ಸೈಕಲ್ ದಾರಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1967ರಲ್ಲೇ ಎಲ್ರಾಯ್–ಸ್ಪಾರ್ಟಾ ಹಳಿದಾರಿ ತೆರೆಯಿತು. ಅದರ ಮೂರು ಸುರಂಗಗಳಲ್ಲಿ ಒಂದು ಕಿಲೋಮೀಟರಿಗೂ ಉದ್ದ, ಒಳಗೆ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಯಬೇಕು.

ಹಳಿ ಕಿತ್ತರೆ ದಾರಿ ಆಗುವುದಿಲ್ಲ. ಹಳಿಯಡಿಯ ಮುಷ್ಟಿಗಾತ್ರದ ಜಲ್ಲಿಯ ಮೇಲೆ ಯಾವ ಟೈರೂ ಓಡದು. ಅದನ್ನು ತೆಗೆದೋ ತುಳಿದೋ ಮಟ್ಟ ಮಾಡಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲುಪುಡಿ ಹಾಕಿ ರೋಲರ್ ಹೊಡೆಯಬೇಕು. ನಡು ಉಬ್ಬಿಸಿ ಎರಡೂ ಬದಿಗೆ ನೀರು ಹರಿಸಬೇಕು. ಪಕ್ಕದ ಚರಂಡಿ ಎಲೆ ತುಂಬಿ ಕಟ್ಟಿದರೆ ಮಳೆನೀರು ದಾರಿಯ ಮೇಲೇ ಹರಿದು, ಕಲ್ಲುಪುಡಿ ಕೊಚ್ಚಿ ಉದ್ದುದ್ದ ಕೊರಕಲು ಬೀಳುತ್ತದೆ. ಅದರಲ್ಲಿ ಮುಂದಿನ ಗಾಲಿ ಸಿಕ್ಕಿತೆಂದರೆ ಬೀಳುವುದೇ. ಇದಕ್ಕಿಂತ ದೊಡ್ಡ ತೊಡಕು ಜಮೀನಿನದು. ರೈಲು ನಿಂತೊಡನೆ ನೆಲ ತುಂಡು ತುಂಡಾಗಿ ಮಾರಾಟವಾದರೆ ದಾರಿ ಮತ್ತೆ ಕೂಡುವುದಿಲ್ಲ. ಅಮೆರಿಕ 1983ರಲ್ಲಿ ಇದಕ್ಕೆ ಕಾನೂನು ಮಾಡಿತು. ಮುಂದೆ ರೈಲು ಬೇಕಾದೀತೆಂದು ನೆಲವನ್ನು ಇಡಿಯಾಗಿ ಕಾದಿಟ್ಟು, ಅಲ್ಲಿಯವರೆಗೆ ಅದನ್ನು ನಡೆಯುವವರಿಗೂ ಸೈಕಲ್ಲಿಗೂ ಬಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಜಾಣತನದ ಹೆಜ್ಜೆ ಇದೇ.

ಇನ್ನು ಒಡ್ಡು. ಉತ್ತರ ಇಟಲಿಯ ಆದಿಜೆ ನದಿಯ ಕಣಿವೆ ಒಂದು ಕಾಲಕ್ಕೆ ಜೌಗು, ಮಲೇರಿಯದ ನೆಲ. ಹತ್ತೊಂಬತ್ತನೇ ಶತಮಾನದಲ್ಲಿ ನದಿಯನ್ನು ನೇರ ಮಾಡಿ ಎರಡೂ ಬದಿ ಒಡ್ಡು ಹಾಕಿದರು. ಈಗ ಸೈಕಲ್ ಓಡುವುದು ಆ ಒಡ್ಡಿನ ಮೇಲೆ. ಹಳೆಯ ಊರುಗಳು ಜೌಗಿಗೆ ಹೆದರಿ ಗುಡ್ಡದ ಬುಡದಲ್ಲಿ, ಎತ್ತರದಲ್ಲಿ ಕೂತಿವೆ. ಒಡ್ಡು ಹಿಡಿದು ಹೊರಟವರಿಗೆ ಇಕ್ಕೆಲದಲ್ಲೂ ಸೇಬಿನ ತೋಟ ಸಿಗುತ್ತದೆ, ವೈನಿನ ಹಳ್ಳಿ ಸಿಗುವುದಿಲ್ಲ. ಬೋಲ್ಜಾನೊ 262 ಮೀಟರ್ ಎತ್ತರದಲ್ಲಿದ್ದರೆ ಕಾಲ್ಡಾರೊ ಸುಮಾರು 425ರಲ್ಲಿದೆ. ಹಳೆಯ ರೈಲು ದಾರಿಯಲ್ಲಿ ನಿಧಾನ ಏರಿ ಕಾಲ್ಡಾರೊ, ಅಲ್ಲಿಂದ ಕೆರೆಯ ಮೇಲ್ಭಾಗದ ದಾರಿಯಲ್ಲಿ ತ್ರಾಮಿನ್ ಎಂಬ ಊರು, ಮರಳುವಾಗ ಒಡ್ಡು. ದಿನವೊಂದಕ್ಕೆ ಇದಕ್ಕಿಂತ ಒಳ್ಳೆಯ ಸುತ್ತು ಆ ಕಣಿವೆಯಲ್ಲಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನವಾದೊಡನೆ ಗಾರ್ದಾ ಸರೋವರದ ಕಡೆಯಿಂದ ‘ಓರಾ’ ಎಂಬ ದಕ್ಷಿಣದ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ನದಿ ಹರಿದತ್ತ, ದಕ್ಷಿಣಕ್ಕೆ ಹೋಗುವವರು ಹನ್ನೆರಡರೊಳಗೆ ದೂರ ಮುಗಿಸಿರಬೇಕು. ಇಳಿಜಾರೆಂದು ತಡವಾಗಿ ಹೊರಟವರಿಗೆ ಇಳಿಜಾರಿನಲ್ಲೂ ತುಳಿಯುವ ಪಾಡು.

ಈ ಸೀಮೆ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯದ್ದು. ಅದಕ್ಕೇ ಪ್ರತಿ ಊರಿಗೂ ಎರಡು ಹೆಸರು: ಬೋಲ್ಜಾನೊ–ಬೋಝೆನ್, ಕಾಲ್ಡಾರೊ–ಕಾಲ್ಟರ್ನ್. ಗುಲ್ಬರ್ಗಾ, ಕಲಬುರಗಿ ಎರಡನ್ನೂ ಬಳಸಿ ಬೆಳೆದವರಿಗೆ ಇದು ತೊಡಕೆನಿಸದು. ನಕ್ಷೆಯಲ್ಲಿ ಎರಡನ್ನೂ ಗುರುತು ಹಾಕಿಕೊಂಡರಾಯಿತು. ತೋಟಗಳೂ ಪರಕೀಯವಲ್ಲ. ಹಳೆಯ ದ್ರಾಕ್ಷಿಯನ್ನು ಅಲ್ಲಿ ಮರದ ಚಪ್ಪರಕ್ಕೇ ಹಬ್ಬಿಸುತ್ತಾರೆ, ವಿಜಯಪುರದ ತೋಟಗಳಲ್ಲಿ ಕಾಣುವ ಹಾಗೆ. ಶರತ್ಕಾಲದಲ್ಲಿ ಹೊಸ ವೈನಿನ ಜೊತೆ ಸುಟ್ಟ ಚೆಸ್ಟ್‌ನಟ್ ತಿನ್ನಲು ಮನೆಯಿಂದ ಮನೆಗೆ ಹೋಗುವ ‘ತೋರ್ಗ್ಗೆಲೆನ್’ ರೂಢಿ ಇದೆ. ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಸೀತನಿ ಸುಟ್ಟು ತಿಂದವರಿಗೆ ಅದರ ಸೊಗಸು ವಿವರಿಸಬೇಕಿಲ್ಲ.

ಬಯಲಿನಲ್ಲಿ ಸೈಕಲ್ ಹೊಡೆದ ನಮ್ಮವರು ಅಲ್ಲಿ ಸೋಲುವುದು ಏರಿನಲ್ಲಲ್ಲ, ಇಳಿತದಲ್ಲಿ. ಆಸ್ಟ್ರಿಯ–ಇಟಲಿ ಗಡಿಯ ಬ್ರೆನ್ನರ್ ಘಾಟಿನ ನೆತ್ತಿ 1,370 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೋಲ್ಜಾನೊಗೆ ಸುಮಾರು ನೂರು ಕಿ.ಮೀ., ಬಹುಪಾಲು ಇಳಿತ. ಬ್ರೇಕನ್ನು ಒತ್ತಿಯೇ ಹಿಡಿದರೆ ರಿಮ್ ಕಾಯುತ್ತದೆ, ರಬ್ಬರು ಸವೆಯುತ್ತದೆ, ಕೈ ಜೋಮು ಹಿಡಿಯುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು, ಮತ್ತೆ ಒತ್ತಬೇಕು. ಬ್ರೇಕ್ ರಬ್ಬರಿನ ಗೀರು ಮಾಸಿದ್ದರೆ ಊರಲ್ಲೇ ಬದಲಿಸಿ. ಇನ್ನೊಂದು ಸಾಮಾನ್ಯ ಪೆಟ್ಟು ಹಿಂದಿನ ಗಾಲಿಯ ಸ್ಪೋಕಿನದು. ಫ್ರೀವೀಲಿಗೆ ಜಾಗ ಬಿಡಲು ಆ ಬದಿಯ ಸ್ಪೋಕನ್ನು ಹೆಚ್ಚು ಬಿಗಿದಿರುತ್ತಾರೆ, ಕ್ಯಾರಿಯರಿಗೆ ಭಾರ ಬಿದ್ದರೆ ಮುರಿಯುವುದೂ ಅದೇ ಬದಿಯಲ್ಲಿ. 36 ಸ್ಪೋಕಿನ ಗಾಲಿ, 35ರಿಂದ 40 ಮಿ.ಮೀ. ಟೈರು, ಅದೇ ಅಳತೆಯ ಮೂರು ಸ್ಪೋಕು, ಫ್ರೀವೀಲ್ ಬಿಚ್ಚುವ ಸಾಧನ ಇದ್ದರೆ ನೆಮ್ಮದಿ. ಭಾರದ ಸಾಮಾನು ಚೀಲದ ತಳದಲ್ಲಿರಲಿ.

ನಮ್ಮ ಜಿಲ್ಲೆಗಳಲ್ಲಿ ರೈಲು ಬಿಟ್ಟ ಹಳಿದಾರಿ ಹುಡುಕಿದರೆ ಸಿಗದು. 1871ರಲ್ಲಿ ರಾಯಚೂರು ಮುಟ್ಟಿದ ಮುಂಬಯಿ ಕಡೆಯ ರೈಲು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೋದ ನಿಜಾಮರ ರೈಲು, ಎರಡೂ ಮೊದಲಿನಿಂದ ಬ್ರಾಡ್‌ಗೇಜ್. ಅವು ಇಂದಿಗೂ ಓಡುತ್ತಿವೆ, ಬಿಟ್ಟುಹೋದ ಹಳಿಯ ನೆಲವೇ ಇಲ್ಲ. ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆದದ್ದೇ 2017ರಲ್ಲಿ. ನಮ್ಮಲ್ಲಿ ಮಟ್ಟಸ ನೆಲ ಇರುವುದು ಕಾಲುವೆಯ ದಂಡೆಗೆ. ಯಾದಗಿರಿ ಜಿಲ್ಲೆಯ ನಾರಾಯಣಪುರ ಎಡದಂಡೆ ಕಾಲುವೆ, ಅದರ ಶಹಾಪುರ, ಜೇವರ್ಗಿ ಶಾಖೆಗಳು, ಬೀದರಿನ ಕಾರಂಜಾ ಕಾಲುವೆಗಳು. ನೀರು ತಾನಾಗಿ ಹರಿಯಬೇಕಾದ್ದರಿಂದ ಕಾಲುವೆಯ ಇಳಿಜಾರು ಸಾವಿರಾರು ಮೀಟರಿಗೆ ಒಂದು ಮೀಟರಿನಂತೆ. ಗೇಟು ನೋಡುವ ಸಿಬ್ಬಂದಿಯ ಜೀಪಿಗೆಂದು ಪಕ್ಕದಲ್ಲಿ ಗರಸು ಹಾಕಿದ ದಾರಿ. ಡ್ಯಾನ್ಯೂಬಿನ ಕುದುರೆ ದಾರಿ ಉಳಿದದ್ದೂ ಇಂಥದೇ ಕೆಲಸಕ್ಕೆ. ದಾರಿ ನೀರಾವರಿ ನಿಗಮದ್ದು, ಇಲಾಖೆಯದ್ದು. ಗುಂಪು ಕಟ್ಟಿಕೊಂಡು ಹೋಗುವವರು ಆಯಾ ಕಾಲುವೆ ವಿಭಾಗದ ಕಚೇರಿಯಲ್ಲಿ ಮೊದಲೇ ಕೇಳಬೇಕು. ಚಿಂಚೋಳಿಯ ವನ್ಯಧಾಮದ ಕಡೆ ಹೊರಟರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಎಳ್ಳ ಅಮಾವಾಸ್ಯೆಯ ಆಸುಪಾಸು, ಡಿಸೆಂಬರ್–ಜನವರಿ, ಇದಕ್ಕೆ ತಕ್ಕ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಎದೆಗೆ ಬಡಿಯುತ್ತದೆ, ದಾರಿ ಎರೆ ಮಣ್ಣಿಗೆ ಇಳಿದ ಕಡೆ ಕೆಸರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಹಾಗಾದಾಗ ತುಳಿದು ಬಿಡಿಸಲು ಹೋದರೆ ಚೈನು ಹರಿಯುತ್ತದೆ. ಇಳಿದು ಕಡ್ಡಿಯಿಂದ ಕೆರೆಯಬೇಕು. ಒಣ ದಿನಗಳಲ್ಲಿ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು. ಪಂಕ್ಚರ್ ಆದರೆ ಟ್ಯೂಬು ತೆಗೆದು, ಟೈರಿನ ಒಳಮೈಗೆ ಹಳೆಯ ಬಟ್ಟೆ ಆಡಿಸಿ. ಎಳೆ ಸಿಕ್ಕಿದಲ್ಲಿ ಮುಳ್ಳಿದೆ. ಅದನ್ನು ಹೊರಗಿನಿಂದ ಒತ್ತಿ ಒಳಗಿನಿಂದ ಚಿಮುಟಿಗೆಯಲ್ಲಿ ಕೀಳಬೇಕು, ಇಲ್ಲದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗಿ ಹೊಳಪು ಹೋದ ಮೇಲಷ್ಟೇ ಪಟ್ಟಿ ಒತ್ತಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು, ಎರಡು ಟ್ಯೂಬು, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಕಾಲುವೆ ತುಂಬಿದಾಗ ಕೈಕಾಲು ತೊಳೆಯಲೂ ಅಂಚಿಗೆ ಇಳಿಯಬಾರದು. ಪಾಚಿ ಹಿಡಿದ ಕಾಂಕ್ರೀಟಿನ ಇಳಿಜಾರಿನಲ್ಲಿ ಕಾಲು ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಹಳ್ಳದ ಮೇಲೆ ಕಾಲುವೆ ದಾಟುವ ಕಡೆಗಳಲ್ಲಿ ಪಕ್ಕದ ದಾರಿ ಥಟ್ಟನೆ ನಿಂತುಬಿಡುತ್ತದೆ. ನೀರಿನ ತೊಟ್ಟಿಯ ಗೋಡೆಯ ಮೇಲೆ ಸೈಕಲ್ ಹೊತ್ತು ನಡೆಯುವ ಆಸೆ ಬೇಡ. ಹಿಂದಕ್ಕೆ ಬಂದು ಹತ್ತಿರದ ಹಳ್ಳಿಯ ದಾರಿ ಹಿಡಿದು, ಹಳ್ಳ ದಾಟಿ, ಆಚೆ ದಂಡೆಯನ್ನು ಮತ್ತೆ ಸೇರಬೇಕು. ಇಂಥ ಪ್ರತಿ ಜಾಗದಲ್ಲಿ ಸುತ್ತುದಾರಿ ತೋರಿಸುವ ಒಂದು ಫಲಕ, ಹಳ್ಳಕ್ಕೆ ಒಂದೂವರೆ ಮೀಟರ್ ಅಗಲದ ಒಂದು ಕಾಲುಸೇತುವೆ, ಇಷ್ಟು ಸಿಕ್ಕರೆ ನಾರಾಯಣಪುರದಿಂದ ಶಹಾಪುರದ ಕಡೆಗೆ ಹೆದ್ದಾರಿ ತುಳಿಯದೆ ಸಾಗಬಹುದು.