ಆಲ್ಫಾ ಅಲೆ ಯೆನಾದಿಂದ ಸಪ್ತಾಪುರಕ್ಕೆ ಬಂದ ಕಥೆ

ಧಾರವಾಡದ ಸಪ್ತಾಪುರದಲ್ಲಿ ಓದುವ ಹುಡುಗರ ಕಿವಿಯಲ್ಲಿ ಇಯರ್‌ಫೋನ್ ಇದ್ದೇ ಇರುತ್ತದೆ. ಪಿಎಸ್‌ಐಗೋ ಎಫ್‌ಡಿಎಗೋ ಓದುತ್ತಾ 'ಆಲ್ಫಾ ಮ್ಯೂಸಿಕ್' ಹಾಕಿಕೊಂಡವರು ಎಷ್ಟೋ ಜನ. ಎಂಟು ತಾಸಿನ ವಿಡಿಯೊ, ನೀಲಿ ಬಣ್ಣದ ಮೆದುಳಿನ ಚಿತ್ರ, ಕೆಳಗೆ 10 ಹರ್ಟ್ಸ್, ಅಂದರೆ ಸೆಕೆಂಡಿಗೆ ಹತ್ತು ಅಲೆ. ಇವು ಮೆದುಳಿನ ಅಲೆಗಳ ಹೆಸರು. ಬೀಟಾ ಅಂದರೆ ಟೆನ್ಶನ್, ಆಲ್ಫಾ ಅಂದರೆ ಏಕಾಗ್ರತೆ, ಥೀಟಾ ಅಂದರೆ ಒಳಮನಸ್ಸು, ಡೆಲ್ಟಾ ಅಂದರೆ ನಿದ್ದೆ, ಗಾಮಾ ಅಂದರೆ ಜೀನಿಯಸ್. ಬೇಕಾದ್ದನ್ನು ಆರಿಸಿ ಹಾಕಿಕೊಂಡರಾಯಿತು ಅನ್ನೋ ಥರ ಮಾರುತ್ತಾರೆ. ಅಸಲಿ ಕಥೆ ಇಷ್ಟು ನೇರ ಇಲ್ಲ.

ಮೆದುಳಿನ ಕರೆಂಟು ಮೊದಲು ಕಂಡದ್ದು ಪ್ರಾಣಿಗಳಲ್ಲಿ. 1875ರಲ್ಲಿ ಲಿವರ್‌ಪೂಲ್‌ನ ವೈದ್ಯ ರಿಚರ್ಡ್ ಕೇಟನ್ ಮೊಲ ಮತ್ತು ಮಂಗಗಳ ಮೆದುಳಿನಲ್ಲಿ ಸಣ್ಣ ಕರೆಂಟು ಹರಿಯುತ್ತದೆ ಎಂದು ತೋರಿಸಿದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಮನುಷ್ಯನ ತಲೆಗೆ ಕೈ ಹಾಕಿದ್ದು ಜರ್ಮನಿಯ ಯೆನಾ ಊರಿನ ಮನೋವೈದ್ಯ ಹ್ಯಾನ್ಸ್ ಬರ್ಗರ್. ಇವರ ಆಸೆ ವಿಚಿತ್ರದ್ದು. 1890ರ ದಶಕದಲ್ಲಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ತೋಪಿನ ಗಾಡಿಯ ಗಾಲಿಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅವತ್ತೇ ಸಂಜೆ ಊರಿಂದ ಅಪ್ಪನ ತಂತಿ ಬಂತು, ಹುಷಾರಾಗಿದ್ದೀಯಾ ಅಂತ. ತಮ್ಮನಿಗೆ ಏನೋ ಆಗಿದೆ ಎಂದು ಅಕ್ಕನಿಗೆ ಅನಿಸಿತ್ತಂತೆ. ಒಬ್ಬರ ಮನಸ್ಸಿನ ಸಂಕಟ ಇನ್ನೊಬ್ಬರಿಗೆ ಹೇಗೆ ಮುಟ್ಟಿತು? ಈ ಪ್ರಶ್ನೆ ಬರ್ಗರ್ ಅವರನ್ನು ಜನ್ಮವಿಡೀ ಬಿಡಲಿಲ್ಲ. ಉತ್ತರ ಸಿಗಲಿಲ್ಲ, ಇಇಜಿ ಸಿಕ್ಕಿತು. ಅಂದರೆ ನೆತ್ತಿಗೆ ವೈರ್ ಹಚ್ಚಿ ಮೆದುಳಿನ ಕರೆಂಟನ್ನು ಗೆರೆಯಾಗಿ ಬರೆಯುವ ಪರೀಕ್ಷೆ.

1924ರ ಜುಲೈ 6ರಂದು, ತಲೆಯ ಆಪರೇಷನ್ ಆಗುತ್ತಿದ್ದ 17 ವರ್ಷದ ಹುಡುಗನಿಂದ ಮೊದಲ ಗೆರೆ ಸಿಕ್ಕಿತು. ಆದರೂ ಐದು ವರ್ಷ ಅವರು ಬಾಯಿ ಬಿಡಲಿಲ್ಲ. ಇದು ನಿಜವಾಗಿ ಮೆದುಳಿನದೋ, ರಕ್ತದ ಬಡಿತದ್ದೋ, ಸ್ನಾಯುವಿನದೋ ಎಂಬ ಅನುಮಾನ. ಮಗ ಕ್ಲಾಸ್‌ನನ್ನೇ ಕೂರಿಸಿ ಮತ್ತೆ ಮತ್ತೆ ಪರೀಕ್ಷೆ ಮಾಡಿ, 1929ರಲ್ಲಿ ಪ್ರಬಂಧ ಬರೆದರು. ಅನುಮಾನಪಡೋದು ಸಹಜವೇ. ಗೋಡೆ ಗಡಿಯಾರದ ಸೆಲ್ 1.5 ವೋಲ್ಟ್ ಇರುತ್ತದೆ, ನೆತ್ತಿಯ ಮೇಲೆ ಸಿಗುವ ಅಲೆ ಅದರ ಸುಮಾರು 30,000ದಲ್ಲಿ ಒಂದು ಭಾಗ.

ಬರ್ಗರ್ ಕಂಡದ್ದು ಇಷ್ಟು. ಕಣ್ಣು ಮುಚ್ಚಿ ಸುಮ್ನೆ ಕೂತರೆ ಸೆಕೆಂಡಿಗೆ ಹತ್ತರ ಆಸುಪಾಸು ದೊಡ್ಡ ಅಲೆ. ಕಣ್ಣು ತೆರೆದರೆ ಅದು ಮಾಯ, ಬದಲಿಗೆ ಸಣ್ಣ, ವೇಗದ ಅಲೆ. ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಹೆಸರಿಟ್ಟರು. ಮೊದಲು ಕಂಡದ್ದು ಆಲ್ಫಾ, ಅಷ್ಟೇ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಸುಮ್ನೆ ಕೂತಾಗ ಅಲೆ ದೊಡ್ಡದು, ಕೆಲಸ ಮಾಡುವಾಗ ಸಣ್ಣದು. ಇದು ಉಲ್ಟಾ ಅನಿಸುತ್ತೆ ಅಲ್ವಾ? ಶಿವರಾತ್ರಿ ಮುಗಿದು ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರು ಎಳೆಯುವಾಗ ಹೊರಗೆ ದೂರದಲ್ಲಿ ನಿಂತು ಕೇಳಿ. ಸಾವಿರಾರು ಜನ ಒಟ್ಟಿಗೆ 'ಓಂ ನಮಃ ಶಿವಾಯ' ಅಂದರೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಜನ ತಮ್ಮ ತಮ್ಮಲ್ಲಿ ಮಾತಾಡತೊಡಗಿದರೆ ಬರೀ ಗುಜುಗುಜು. ನೆತ್ತಿಯ ಮೇಲಿನ ವೈರ್ ಕೂಡ ಹೊರಗೇ ನಿಂತದ್ದು. ಲಕ್ಷಾಂತರ ನರಕೋಶ ಒಂದೇ ತಾಳಕ್ಕೆ ಬಿದ್ದರೆ ದೊಡ್ಡ ಅಲೆ, ಬೇರೆ ಬೇರೆ ಕೆಲಸಕ್ಕೆ ಹತ್ತಿದರೆ ಸಣ್ಣ ಅಲೆ. ಯಾರು ಏನು ಮಾತಾಡಿದರು ಅನ್ನೋದು ಅದಕ್ಕೆ ಕೇಳಿಸಲ್ಲ.

ಜಗತ್ತು ಬರ್ಗರ್ ಅವರನ್ನು ನಂಬಿದ್ದು 1934ರಲ್ಲಿ. ಅಷ್ಟೊತ್ತಿಗೆ ನೊಬೆಲ್ ಪಡೆದಿದ್ದ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ತಮ್ಮದೇ ತಲೆಗೆ ವೈರ್ ಹಚ್ಚಿಕೊಂಡು ತೋರಿಸಿದ ಮೇಲೆ. ಮಜಾ ಅಂದರೆ, ನೀರಿನಲ್ಲಿ ಈಜುವ ಒಂದು ಜಾತಿಯ ದುಂಬಿಯ ನರಗಳಲ್ಲೂ ಅವರಿಗೆ ಇಂಥದ್ದೇ ಲಯ ಸಿಕ್ಕಿತ್ತು. ಕತ್ತಲಲ್ಲಿ ಇರುತ್ತಿತ್ತು, ಬೆಳಕು ಬಿಟ್ಟರೆ ಹೋಗುತ್ತಿತ್ತು. ಆಲ್ಫಾ ಕ್ಲಾಸಿಗೆ ಫೀ ಕಟ್ಟುವ ಮುಂಚೆ ಆ ದುಂಬಿಯನ್ನು ಒಮ್ಮೆ ನೆನಪಿಸಿಕೊಳ್ಳಬಹುದು.

ಉಳಿದ ಹೆಸರುಗಳು ಆಮೇಲೆ ಬಂದವು. ಇಂಗ್ಲೆಂಡಿನ ಗ್ರೇ ವಾಲ್ಟರ್ 1936ರಲ್ಲಿ ಮೆದುಳಿನ ಗಡ್ಡೆಯ ಸುತ್ತ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆಯ ನಿಧಾನ ಅಲೆ ಕಂಡು ಡೆಲ್ಟಾ ಅಂದರು. ಗಾಢ ನಿದ್ದೆಯಲ್ಲಿ ಅದು ಎಲ್ಲರಿಗೂ ಬರುತ್ತದೆ. ಎಚ್ಚರವಿರುವ ದೊಡ್ಡವರಲ್ಲಿ ಮೆದುಳಿನ ಒಂದೇ ಕಡೆ ಬಿಡದೆ ಬಂದರೆ ಡಾಕ್ಟರ್ ಮುಖ ಗಂಭೀರವಾಗುತ್ತದೆ. ಅಲೆ ಅದೇ, ಅರ್ಥ ಬೇರೆ. ನಾಲ್ಕರಿಂದ ಎಂಟರ ಥೀಟಾ ತೂಕಡಿಸುವಾಗ ಬರುತ್ತದೆ, ಚಿಕ್ಕ ಮಕ್ಕಳಲ್ಲಿ ಜಾಸ್ತಿ. ಮೂವತ್ತರ ಮೇಲಿನದು ಗಾಮಾ. ಅದನ್ನು ನೆತ್ತಿಯ ಮೇಲೆ ಅಳೆಯುವುದೇ ತಲೆನೋವು, ಹಣೆಯ ಸ್ನಾಯು ಬಿಗಿದರೂ ಅದೇ ವೇಗದ ಗೆರೆ ಬೀಳುತ್ತದೆ. ಇವೆಲ್ಲ ಒಂದೇ ತಲೆಯಲ್ಲಿ ಒಂದೇ ಹೊತ್ತಿಗೆ ಇರುತ್ತವೆ, ಪ್ರಮಾಣ ಮಾತ್ರ ಹೆಚ್ಚುಕಡಿಮೆ.

ಇಇಜಿ ನಿಜವಾಗಿ ಕೈ ಹಿಡಿದದ್ದು ಮೂರ್ಛೆರೋಗದಲ್ಲಿ. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್, ಲೆನಾಕ್ಸ್ ಒಂದು ಬಗೆಯ ಫಿಟ್ಸ್‌ನಲ್ಲಿ ಸೆಕೆಂಡಿಗೆ ಮೂರರಂತೆ ಚೂಪು ಅಲೆ ಬರುವುದನ್ನು ತೋರಿಸಿದರು. ಮಗು ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಓದುತ್ತಾ ಓದುತ್ತಾ ಕೆಲವು ಸೆಕೆಂಡು ನೆಟ್ಟ ನೋಟದಲ್ಲಿ ನಿಂತುಬಿಡುತ್ತದೆ. ಲಕ್ಷ್ಯ ಎಲ್ಲಿದೆಯೋ ಅಂತ ಮಾಸ್ತರರು ಬೈಯುತ್ತಾರೆ. ಇನ್ನು ಬಿದ್ದು ಒದ್ದಾಡುವ ಫಿಟ್ಸ್ ಬಂದರೆ ನಮ್ಮ ಕಡೆ ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಇನ್ನೂ ನಿಂತಿಲ್ಲ. ಮೆದುಳಲ್ಲಿ ಎದ್ದ ಕರೆಂಟಿಗೂ ಕೀಲಿಕೈಗೂ ಏನೂ ಸಂಬಂಧವಿಲ್ಲ.

ಇಇಜಿ ಅಂದರೆ ಶಾಕ್ ಕೊಡುತ್ತಾರೆ ಎಂಬ ಹೆದರಿಕೆಯೂ ಇದೆ. ಧಾರವಾಡದ ಮಾನಸಿಕ ಆಸ್ಪತ್ರೆ ನೆನೆಸಿ ಆಡುವ 'ಇವನನ್ನ ಧಾರವಾಡಕ್ಕ ಕಳಸಬೇಕು' ಎಂಬ ಬೈಗುಳ ಕೇಳಿ ಬೆಳೆದವರಿಗೆ ಅದು ಸಹಜ. ಆದರೆ ಈ ಪರೀಕ್ಷೆಯಲ್ಲಿ ಹೊರಗಿನಿಂದ ಒಳಗೆ ಏನೂ ಹೋಗುವುದಿಲ್ಲ. ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ ಹೋಗಬೇಕು. ಟೆಕ್ನಿಷಿಯನ್ ಟೇಪಿನಿಂದ ತಲೆ ಅಳೆದು, ಪೆನ್ಸಿಲ್‌ನಿಂದ ಗುರುತು ಹಾಕಿ, ಅಂಟು ಪೇಸ್ಟ್ ಇಟ್ಟು ಇಪ್ಪತ್ತರ ಆಸುಪಾಸು ವೈರ್ ಅಂಟಿಸುತ್ತಾರೆ. ಕಣ್ಣು ಮುಚ್ಚಿ, ತೆರೆಯಿರಿ ಅನ್ನುತ್ತಾರೆ. ಬರ್ಗರ್ ಮಾಡಿದ್ದೇ. ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ, ಕಣ್ಣ ಮುಂದೆ ಲೈಟು ಮಿಣುಕಿಸುತ್ತಾರೆ. ಒಂದು ಸಲ ರಿಪೋರ್ಟ್ ನಾರ್ಮಲ್ ಬಂತು ಅಂತ ಗುಳಿಗೆ ಬಿಡಬೇಡಿ. ಅಲೆ ಕೆಟ್ಟ ಹೊತ್ತಿಗೇ ವೈರ್ ಇರಬೇಕು ಅಂತೇನಿಲ್ಲವಲ್ಲ.

ಆಲ್ಫಾ ವ್ಯಾಪಾರಕ್ಕೆ ಇಳಿದದ್ದು 1960ರ ದಶಕದಲ್ಲಿ. 1961ರಲ್ಲಿ ದೆಹಲಿಯ ಏಮ್ಸ್‌ನ ಆನಂದ್, ಛೀನಾ, ಸಿಂಗ್ ಯೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಕೈಯನ್ನು 4 ಡಿಗ್ರಿ ತಣ್ಣನೆಯ ನೀರಿನಲ್ಲಿ ಮುಕ್ಕಾಲು ತಾಸು ಇಟ್ಟರೂ ಇಬ್ಬರ ಆಲ್ಫಾ ಕದಲಲಿಲ್ಲ. ಇಬ್ಬರದ್ದು, ನೆನಪಿರಲಿ. ಅದೇ ದಶಕದಲ್ಲಿ ಅಮೆರಿಕದಲ್ಲಿ ಜೋ ಕಮಿಯಾ ಎಂಬ ಸಂಶೋಧಕರು ಜನ ತಮ್ಮ ಆಲ್ಫಾವನ್ನು ಗುರುತಿಸಲು ಕಲಿಯಬಲ್ಲರು ಎಂದು ತೋರಿಸಿದರು. ಆಮೇಲೆ ಕೇಳಬೇಕೆ, ಮನೆಮನೆಗೆ ಆಲ್ಫಾ ಮೆಷಿನ್. ಮುಂದಿನ ದಶಕದಲ್ಲಿ ಸರಿಯಾಗಿ ಪರೀಕ್ಷಿಸಿದಾಗ, ಸಿಕ್ಕ ನೆಮ್ಮದಿಯಲ್ಲಿ ಬಹುಪಾಲು ಕತ್ತಲ ಕೋಣೆ ಮತ್ತು ನಿರೀಕ್ಷೆಯಿಂದ ಬಂದದ್ದು ಎಂದು ತಿಳಿಯಿತು. ಅಷ್ಟರಲ್ಲಿ ಹೆಸರು ಮಾರುಕಟ್ಟೆ ಸೇರಿತ್ತು.

ಅಲೆ ನೋಡಿ ಮನಸ್ಸು ಓದುವ ಆಸೆ ಪೊಲೀಸರಿಗೂ ಬಂತು. 2010ರಲ್ಲಿ ನಮ್ಮ ರಾಜ್ಯದ್ದೇ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಇನ್ನು ಸಪ್ತಾಪುರದ ಹುಡುಗರ ವಿಷಯ. ಎಡಗಿವಿಗೆ 200, ಬಲಗಿವಿಗೆ 210 ಹರ್ಟ್ಸ್ ಬಿಟ್ಟರೆ ಹತ್ತರ ಮಿಡಿತ ಕೇಳಿಸುವುದು ನಿಜ. ಅದರಿಂದ ಓದಿದ್ದು ತಲೆಗೆ ಹತ್ತುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಕೇಳಲು ಹಿತವಾಗಿದ್ದರೆ ಕೇಳಲಿ, ನಷ್ಟವೇನಿಲ್ಲ. ಆದರೆ ಓದಿದ್ದು ಗಟ್ಟಿಯಾಗಿ ಕೂರುವುದರಲ್ಲಿ ಗಾಢ ನಿದ್ದೆಯ ಡೆಲ್ಟಾಕ್ಕೂ, ಅದರ ನಡುವೆ ಅರ್ಧ ಸೆಕೆಂಡೋ ಒಂದೋ ಮಿಂಚಿ ಹೋಗುವ ವೇಗದ ಅಲೆಗಳಿಗೂ ಪಾಲಿದೆ ಎಂಬುದಕ್ಕೆ ಸಾಕಷ್ಟು ಅಧ್ಯಯನಗಳಿವೆ. ರಾತ್ರಿ ಎರಡರವರೆಗೆ ಆಲ್ಫಾ ಕೇಳುತ್ತಾ ಓದಿ ಬೆಳಗ್ಗೆ ಐದಕ್ಕೆ ಏಳುವವರು ಕಳೆದುಕೊಳ್ಳುವುದು ಇದನ್ನೇ.