ಪೊರೆಗಿಂತ ಮೊದಲು ಕೆಸರು

ಡಿಸೆಂಬರ್ ಬಂತೆಂದರೆ ನನಗೆ ಎರಡು ಬಗೆಯ ಕರೆಗಳು ಬರತೊಡಗುತ್ತವೆ. ಮೂಡಿಗೆರೆ, ಸಕಲೇಶಪುರದ ಕಡೆಯಿಂದ ಕರೆ ಮಾಡುವವರು ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸದ, ನೀರಿನ ಹೊಂಡ ನಾರುತ್ತಿದೆ ಎನ್ನುತ್ತಾರೆ. ಮುಳ್ಳಯ್ಯನಗಿರಿಯ ತಪ್ಪಲಿನ ರೆಸಾರ್ಟುಗಳವರು ತಮ್ಮ ಶುದ್ಧೀಕರಣ ಘಟಕದ ಮೆಂಬ್ರೇನ್ ಕಟ್ಟಿಕೊಂಡಿದೆ ಎನ್ನುತ್ತಾರೆ. ಮೊದಲನೆಯವರ ಪ್ರಶ್ನೆ ‘ನಾವೂ ಮೆಂಬ್ರೇನ್ ಹಾಕಿಸಿದರೆ ಸರಿಹೋಗುತ್ತದೆಯೇ’ ಎಂಬುದು. ಎರಡನೆಯವರದು ‘ಹಳೆಯ ಮೆಂಬ್ರೇನ್ ತೆಗೆದು ಹೊಸದು ಹಾಕಿಸಬೇಕೇ’ ಎಂಬುದು. ಎರಡಕ್ಕೂ ನಾನು ಫೋನಿನಲ್ಲಿ ಉತ್ತರ ಕೊಡುವುದಿಲ್ಲ. ಗಾಳಿತೊಟ್ಟಿಯಿಂದ, ಅಂದರೆ ಕೊಳಚೆನೀರಿಗೆ ಗಾಳಿ ಊದುವ ತೊಟ್ಟಿಯಿಂದ, ಒಂದು ಲೀಟರ್ ಕೆಸರುನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಅದರ ಫೋಟೊ ಕಳುಹಿಸಿ ಎಂದು ಕೇಳುತ್ತೇನೆ.

ಮೆಂಬ್ರೇನ್ ಅಥವಾ ಪೊರೆ ಎಂದರೆ ಬಹಳ ಸಣ್ಣ ಕಣ್ಣಿನ ಜರಡಿ. ಕೊಳಚೆನೀರಿನ ಘಟಕಗಳಲ್ಲಿ ಬಳಸುವ ಪೊರೆಗಳ ರಂಧ್ರಗಳು ಸಾಮಾನ್ಯವಾಗಿ 0.04ರಿಂದ 0.4 ಮೈಕ್ರಾನ್ ಗಾತ್ರದವು. ಬ್ಯಾಕ್ಟೀರಿಯಾಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಆದರೆ ನೀರಿನಲ್ಲಿ ಕರಗಿದ ಸಕ್ಕರೆ, ಆಮ್ಲ, ಅಮೋನಿಯಾ ಯಾವುದೇ ಅಡ್ಡಿಯಿಲ್ಲದೆ ಆಚೆ ದಾಟುತ್ತವೆ. ಕಾಫಿಹಣ್ಣಿನ ಲೋಳೆಯಿಂದ ಬರುವ ಕೊಳೆಯ ಹೊರೆಯಲ್ಲಿ ಹೆಚ್ಚಿನ ಪಾಲು ಕರಗಿದ ರೂಪದಲ್ಲಿಯೇ ಇರುವುದರಿಂದ, ಅದನ್ನು ತಿಂದು ತೀರಿಸುವ ಕೆಲಸ ಸೂಕ್ಷ್ಮಜೀವಿಗಳದ್ದು. ಅವು ಆ ಕೆಲಸವನ್ನು ಮುಗಿಸಿದ ಮೇಲೆ ಅವನ್ನು ನೀರಿನಿಂದ ಬೇರ್ಪಡಿಸುವುದಷ್ಟೇ ಪೊರೆಗೆ ಉಳಿಯುವ ಕೆಲಸ.

ಈ ಜೀವಿಗಳ ರಾಶಿಯನ್ನೇ ನಾವು ಕೆಸರು ಎನ್ನುತ್ತೇವೆ. ಹೆಸರು ಕೀಳಾದರೂ ಅದು ಮೊಸರಿನ ಹೆಪ್ಪಿನಂಥದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ರಸಾಯನತಜ್ಞರು ತೋರಿಸಿಕೊಟ್ಟದ್ದು ಇದನ್ನೇ. ಅವರು ಕೊಳಚೆನೀರಿಗೆ ಗಾಳಿ ಊದಿ, ತಳಕ್ಕಿಳಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಮತ್ತೆ ಹೊಸ ಕೊಳಚೆಯನ್ನು ಸುರಿಯುತ್ತ ಹೋದರು. ಮೊದಲ ಸಲ ಸುಮಾರು ಐದು ವಾರ ಹಿಡಿದ ಶುದ್ಧೀಕರಣ, ಕೆಸರು ಸಾಕಷ್ಟು ಕೂಡಿದ ಮೇಲೆ 24 ಗಂಟೆಯೊಳಗೆ ಮುಗಿಯಿತು. ಅಂದಿನಿಂದ ಇಂದಿನವರೆಗೆ ಪಂಪು, ಬ್ಲೋವರ್, ಪೊರೆ ಎಲ್ಲವೂ ಬದಲಾಗಿವೆ. ಹೆಪ್ಪನ್ನು ಕಾಪಾಡಿಕೊಳ್ಳಬೇಕಾದ ಅಗತ್ಯ ಮಾತ್ರ ಬದಲಾಗಿಲ್ಲ.

ಕಾಫಿ ನೀರಿನಲ್ಲಿ ಈ ಹೆಪ್ಪು ಕೆಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಲ್ಪರಿನಿಂದ ಹೊರಬಂದ ನೀರು ಒಂದೆರಡು ದಿನದಲ್ಲಿ ಹುಳಿತು, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಮನೆಬಳಕೆಯ ಕೊಳಚೆಯ ಬಿಒಡಿ (ಕೊಳೆಯನ್ನು ತಿಂದು ತೀರಿಸಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 200ರಿಂದ 300 ಮಿಲಿಗ್ರಾಂ ಇದ್ದರೆ, ಇದರದು ಹಲವು ಸಾವಿರ. ನೀರನ್ನು ಸುತ್ತಿ ಸುತ್ತಿ ಮರುಬಳಕೆ ಮಾಡಿದ ತೋಟಗಳಲ್ಲಿ ಇದು ಇನ್ನೂ ಗಟ್ಟಿಯಾಗಿರುತ್ತದೆ, ಮತ್ತು ಅದು ಒಳ್ಳೆಯದೇ. ಹೊರೆ ಕಿಲೋಗ್ರಾಂ ಲೆಕ್ಕದಲ್ಲಿ ಅಷ್ಟೇ ಇದ್ದು ನೀರಿನ ಪ್ರಮಾಣ ಕಡಿಮೆಯಾದರೆ ತೊಟ್ಟಿಯೂ ಚಿಕ್ಕದಾಗುತ್ತದೆ. ಸುಣ್ಣ ಹಾಕಿ ಹುಳಿಯನ್ನು ಮುರಿಯುವುದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಮರೆಯುವುದು ಸಾರಜನಕವನ್ನು. ಗಾಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಪ್ರತಿ 100 ಭಾಗ ಬಿಒಡಿಗೆ ಸುಮಾರು 5 ಭಾಗ ಸಾರಜನಕ, 1 ಭಾಗ ರಂಜಕ ಬೇಕು ಎಂಬುದು ಹಳೆಯ ಲೆಕ್ಕ. ಕಾಫಿಯ ಲೋಳೆಯಲ್ಲಿ ಸಕ್ಕರೆ, ಪೆಕ್ಟಿನ್ ಧಾರಾಳ, ಸಾರಜನಕ ಕಡಿಮೆ. ಬರೀ ಬೆಲ್ಲ ತಿನ್ನಿಸಿ ಮಕ್ಕಳನ್ನು ಸಾಕಿದಂತೆ ಆಗುತ್ತದೆ ಆ ಕೆಸರಿನ ಪಾಡು. ಮೈ ಕಟ್ಟಿಕೊಳ್ಳಲಾರದ ಬ್ಯಾಕ್ಟೀರಿಯಾಗಳು, ತಿಂದ ಸಕ್ಕರೆಯನ್ನು ಲೋಳೆಯಾಗಿ ತಮ್ಮ ಸುತ್ತ ಸುರಿಸಿಕೊಳ್ಳುತ್ತವೆ. ಅಂಥ ಕೆಸರು ತಳಕ್ಕಿಳಿಯುವುದಿಲ್ಲ. ಅದರಲ್ಲಿ ಪೊರೆಯನ್ನು ಮುಳುಗಿಸಿದರೆ, ಲೋಳೆಯೇ ರಂಧ್ರಗಳಿಗೆ ಮೆತ್ತಿಕೊಳ್ಳುತ್ತದೆ.

ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ಕೆಲವು ವರ್ಷಗಳ ಹಿಂದೆ ನಾನು ಕಂಡದ್ದು ಇದೇ ಸ್ಥಿತಿ. ಘಟಕ ಕೂರಿಸಿದವರು ಪೊರೆ ಕಟ್ಟಿದಾಗಲೆಲ್ಲ ಬ್ಲೀಚಿನ ದ್ರಾವಣವಾದ ಹೈಪೋಕ್ಲೋರೈಟ್‌ನಿಂದ ತೊಳೆಯಿರಿ ಎಂದು ಹೇಳಿ ಹೋಗಿದ್ದರು. ತೋಟದ ರೈಟರ್ ಶ್ರದ್ಧೆಯಿಂದ ವಾರಕ್ಕೆರಡು ಸಲ ತೊಳೆಸುತ್ತಿದ್ದರು. ಪೊರೆ ಸವೆಯುತ್ತಿತ್ತೇ ಹೊರತು ಕಟ್ಟುವುದು ನಿಲ್ಲಲಿಲ್ಲ. ತೊಟ್ಟಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಗೊಬ್ಬರದ ಗೋದಾಮು ಇತ್ತು. 100 ಕೆಜಿ ಬಿಒಡಿಗೆ ಸುಮಾರು 5 ಕೆಜಿ ಡಿಎಪಿ, 9 ಕೆಜಿ ಯೂರಿಯಾ ಎಂಬ ಲೆಕ್ಕದಲ್ಲಿ ಕರಗಿಸಿ, ಒಂದೇ ಸಲಕ್ಕೆ ಸುರಿಯದೆ ದಿನವಿಡೀ ಹನಿಸತೊಡಗಿದ ಮೇಲೆ ಕೆಸರಿನ ಬಣ್ಣ, ವಾಸನೆ ಎರಡೂ ಬದಲಾದವು. ಇಲ್ಲೊಂದು ಎಚ್ಚರಿಕೆ ಅಗತ್ಯ: ಲೆಕ್ಕ ತಪ್ಪಿ ಹೆಚ್ಚು ಹಾಕಿದರೆ ಉಳಿದ ಸಾರಜನಕ ನೇರವಾಗಿ ಹಳ್ಳಕ್ಕೆ ಹೋಗುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಮಲೆನಾಡಿನ ಹಳ್ಳಗಳು ಬತ್ತುತ್ತ ಬರುವುದರಿಂದ ಸ್ವಲ್ಪ ಕೊಳೆಯೂ ಅವಕ್ಕೆ ಹೆಚ್ಚೇ. ಮತ್ತು ಆ ನೀರು ಹೇಮಾವತಿಯ ಮೂಲಕ ಗೊರೂರಿನ ಜಲಾಶಯ ಸೇರುವಂಥದು.

ಆದರೂ ಕಾಫಿ ನೀರಿಗೆ ಮೊದಲ ಮೆಟ್ಟಿಲಾಗಿ ಗಾಳಿತೊಟ್ಟಿಯನ್ನು ನಾನು ಸೂಚಿಸುವುದಿಲ್ಲ. ಪಲ್ಪಿಂಗ್ ನಡೆಯುವುದು ವರ್ಷದಲ್ಲಿ ಎರಡು-ಮೂರು ತಿಂಗಳು ಮಾತ್ರ. ಉಳಿದ ಕಾಲವೆಲ್ಲ ಗಾಳಿ ಊದುತ್ತ, ಅನ್ನವಿಲ್ಲದ ಕೆಸರನ್ನು ಬದುಕಿಸಿಡುವುದು ಆಗದ ಮಾತು. ಗಾಳಿಯಿಲ್ಲದೆ ಬದುಕುವ, ಅಂದರೆ ಗೋಬರ್ ಗ್ಯಾಸ್ ಗುಂಡಿಯೊಳಗಿನ ಜಾತಿಯ ಜೀವಿಗಳು ಈ ವಿಷಯದಲ್ಲಿ ಗಟ್ಟಿ. ನೆದರ್ಲೆಂಡ್ಸಿನ ಗಾಟ್ಸೆ ಲೆಟಿಂಗಾ 1970ರ ದಶಕದಲ್ಲಿ ಬೆಳೆಸಿದ ಯುಎಎಸ್‌ಬಿ ವಿಧಾನದಲ್ಲಿ, ನೀರು ಕೆಳಗಿನಿಂದ ಮೇಲಕ್ಕೆ ಏರುತ್ತ ಕೆಸರಿನ ಹಾಸಿಗೆಯ ಮೂಲಕ ಹಾಯುತ್ತದೆ. ಚೆನ್ನಾಗಿ ಕಾಳುಕಟ್ಟಿದ ಈ ಕೆಸರು ತಿಂಗಳುಗಟ್ಟಲೆ ಉಪವಾಸವಿದ್ದು, ಮುಂದಿನ ಕೊಯ್ಲಿಗೆ ಮತ್ತೆ ಎಚ್ಚರಗೊಳ್ಳಬಲ್ಲುದು. ತೆಗೆದುಹಾಕಿದ ಪ್ರತಿ ಕಿಲೋಗ್ರಾಂ ಸಿಒಡಿಗೆ (ರಾಸಾಯನಿಕವಾಗಿ ಅಳೆಯುವ ಆಮ್ಲಜನಕದ ಬೇಡಿಕೆ) ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್ ಸಿಗುತ್ತದೆ. ಸಾರಜನಕದ ಬೇಡಿಕೆಯೂ, ಹೊರಹಾಕಬೇಕಾದ ಹೆಚ್ಚುವರಿ ಕೆಸರೂ ಬಹಳ ಕಡಿಮೆ. ಇದಕ್ಕಿರುವ ತೊಡಕು ಚಳಿ. ಈ ಜೀವಿಗಳಿಗೆ 35 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತಲಿನ ಬಿಸಿ ಹಿತ. ನಮ್ಮ ಜನವರಿಯ ರಾತ್ರಿಗಳಲ್ಲಿ ಹೆಪ್ಪಿನ ಪಾತ್ರೆಯನ್ನು ಒಲೆಯ ಪಕ್ಕಕ್ಕಿಡದಿದ್ದರೆ ಹಾಲು ಮೊಸರಾಗುವುದಿಲ್ಲ ಎಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಆದ್ದರಿಂದ ತೊಟ್ಟಿಯನ್ನು ನೆಲದೊಳಗೆ ಹೂಳುವುದು, ಬಂದ ಗ್ಯಾಸಿನಿಂದಲೇ ಒಳಬರುವ ನೀರನ್ನು ತುಸು ಬೆಚ್ಚಗೆ ಮಾಡುವುದು, ಮತ್ತು ಕೊಯ್ಲಿನ ಮೊದಲ ದಿನವೇ ಪೂರ್ತಿ ಹೊರೆ ಹೇರದೆ ಎರಡು-ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸುವುದು ಅಗತ್ಯ. ಏರಿಸುವ ಅವಸರದಲ್ಲಿ ಪಿಎಚ್ 6.8ಕ್ಕಿಂತ ಕೆಳಗಿಳಿದರೆ ಮೀಥೇನ್ ಮಾಡುವ ಜೀವಿಗಳು ಕೈಬಿಡುತ್ತವೆ, ಆಮ್ಲ ಮಾಡುವವು ಮಾತ್ರ ದುಡಿಯುತ್ತಲೇ ಇರುತ್ತವೆ. ಹೊಂಡ ನಾರುವುದು ಆಗ. ಇದರ ನಂತರ ಉಳಿದ ಹೊರೆಗೆ ಚಿಕ್ಕ ಗಾಳಿತೊಟ್ಟಿ ಸಾಕು, ಮತ್ತು ನೀರನ್ನು ಮರುಬಳಸುವ ಉದ್ದೇಶವಿದ್ದರೆ ಮಾತ್ರ ಪೊರೆ.

ರೆಸಾರ್ಟಿನ ಕಥೆ ಬೇರೆ. ಅಲ್ಲಿ ನೀರು ವರ್ಷಪೂರ್ತಿ ಬರುತ್ತದೆ, ಆದರೆ ಶನಿವಾರ ಭಾನುವಾರ ಪ್ರವಾಹ, ಮಂಗಳವಾರ ಬರ. ಎರಡು ದಿನ ಹೊಟ್ಟೆ ಬಿರಿಯೆ ಉಂಡು ಐದು ದಿನ ಹಸಿದಿರುವ ಕೆಸರು ಹದವಾಗಿ ಉಳಿಯಲಾರದು. ಹೊಸ ಪೊರೆಗೆ ಕೊಡುವ ಹಣದ ಒಂದು ಪಾಲನ್ನು ನೀರನ್ನು ಸಮ ಮಾಡಿ ಹರಿಸುವ ದೊಡ್ಡ ಸಂಗ್ರಹ ತೊಟ್ಟಿಗೆ, ಅಡುಗೆಮನೆಯ ಜಿಡ್ಡು ತಡೆಯುವ ಪೆಟ್ಟಿಗೆಗೆ ಮತ್ತು 1ರಿಂದ 2 ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ ಎಂದು ನಾನು ಹೇಳಿದಾಗ ಮಾಲೀಕರ ಮುಖದಲ್ಲಿ ನಿರಾಸೆ ಕಾಣುತ್ತದೆ. ತೊಟ್ಟಿ, ಪೆಟ್ಟಿಗೆ, ಜರಡಿಗಳನ್ನು ಅತಿಥಿಗಳಿಗೆ ತೋರಿಸಿ ಹೆಮ್ಮೆಪಡಲು ಆಗುವುದಿಲ್ಲವಷ್ಟೆ. ಜರಡಿ ಇಲ್ಲದ ಕಡೆ ಸ್ನಾನದ ಮನೆಯ ಕೂದಲು ಪೊರೆಯ ಎಳೆಗಳಿಗೆ ಜಡೆಯಂತೆ ಹೆಣೆದುಕೊಂಡಿದ್ದನ್ನು ಕತ್ತರಿಯಿಂದ ಬಿಡಿಸಿದ್ದೇನೆ.

ಎತ್ತರದ ಲೆಕ್ಕವನ್ನೂ ವಿನ್ಯಾಸಕಾರರು ಮರೆಯುವುದುಂಟು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಶೇ 11ರಷ್ಟು ಕಡಿಮೆ, ಗುಡ್ಡದ ಮೇಲಿನ ರೆಸಾರ್ಟುಗಳಲ್ಲಿ ಇನ್ನೂ ಕಡಿಮೆ. ಸಮುದ್ರಮಟ್ಟದ ಲೆಕ್ಕದಲ್ಲಿ ಆರಿಸಿದ ಬ್ಲೋವರ್ ಇಲ್ಲಿ ಅಷ್ಟೇ ಗಾಳಿ ಊದಿದರೂ ಅದರಲ್ಲಿರುವ ಆಮ್ಲಜನಕ ಕಡಿಮೆ. ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಬೇಕಾದ ಕಡೆ ಅರ್ಧಕ್ಕಿಳಿದಾಗ ನೂಲಿನಂಥ ಬ್ಯಾಕ್ಟೀರಿಯಾಗಳು ಹೆಚ್ಚಿ ಕೆಸರು ಹತ್ತಿಯಂತೆ ಉಬ್ಬುತ್ತದೆ. ಮೆಂಬ್ರೇನ್ ಘಟಕಗಳಲ್ಲಿ ಕೆಸರನ್ನು ಲೀಟರಿಗೆ 8,000ದಿಂದ 12,000 ಮಿಲಿಗ್ರಾಂವರೆಗೆ ದಟ್ಟವಾಗಿ ಇಡುವುದರಿಂದ ಗಾಳಿ ಕರಗುವುದೂ ಕಷ್ಟ. ‘ಇನ್ನೂ ದಟ್ಟ ಮಾಡಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡೀತು’ ಎಂದು ಕೆಸರನ್ನು ಹೊರತೆಗೆಯದೆ ಕೂಡಿಹಾಕುವ ಆಪರೇಟರುಗಳು ಈ ಕಾರಣಕ್ಕೇ ಸೋಲುತ್ತಾರೆ.

ಇನ್ನು ಆ ಜಾಡಿಯ ವಿಷಯ. ಸಾಮಾನ್ಯ ಗಾಳಿತೊಟ್ಟಿಯ ಕೆಸರು ಲೀಟರಿಗೆ 3,000 ಮಿಲಿಗ್ರಾಂ ಇದ್ದು, ಅರ್ಧ ಗಂಟೆಯಲ್ಲಿ 350 ಮಿಲಿಲೀಟರ್ ಗುರುತಿಗೆ ಇಳಿದರೆ ಅದರ ಸೂಚ್ಯಂಕ, ಅಂದರೆ ಒಂದು ಗ್ರಾಂ ಕೆಸರು ಹಿಡಿಯುವ ಜಾಗ, ಸುಮಾರು 117 ಮಿಲಿಲೀಟರ್. ಇದು ಆರೋಗ್ಯದ ಲಕ್ಷಣ. 150 ದಾಟಿದರೆ ಅನುಮಾನಿಸಬೇಕು. ಜಾಡಿಯಲ್ಲಿ 900ರಲ್ಲೇ ನಿಂತರೆ ಸೂಚ್ಯಂಕ 300, ಅಂದರೆ ಉಬ್ಬಿದ ಕೆಸರು. ಮೆಂಬ್ರೇನ್ ಘಟಕದ ದಟ್ಟ ಕೆಸರಿನಲ್ಲಿ ಇದೇ ಪರೀಕ್ಷೆ ಮಾಡುವಾಗ, ಶುದ್ಧಗೊಳಿಸಿದ ನೀರಿನಿಂದ ಅದನ್ನು ನಾಲ್ಕು ಪಟ್ಟು ತೆಳುವಾಗಿಸಿ ನೋಡಬೇಕು, ಇಲ್ಲವಾದರೆ ಒಳ್ಳೆಯ ಕೆಸರೂ ಇಳಿಯದಂತೆ ಕಾಣುತ್ತದೆ. ಜತೆಗೆ ಪೊರೆಯ ಎರಡು ಬದಿಯ ಒತ್ತಡದ ಅಂತರವನ್ನು ದಿನವೂ ಒಂದೇ ಹೊತ್ತಿಗೆ ಬರೆದಿಡಬೇಕು. ಅಂತರ ನಿಧಾನವಾಗಿ ವಾರಗಳಲ್ಲಿ ಏರಿದರೆ ಅದು ಸಹಜ ಕಟ್ಟುವಿಕೆ. ಸಿಟ್ರಿಕ್ ಆಮ್ಲ, ಹೈಪೋಕ್ಲೋರೈಟ್‌ಗಳಿಗೆ ಜಗ್ಗುತ್ತದೆ. ಎರಡೇ ದಿನದಲ್ಲಿ ಜಿಗಿದರೆ ತೊಳೆಯುವ ಮುನ್ನ ಕೆಸರಿಗೆ ಏನಾಯಿತು ಎಂದು ಹುಡುಕಬೇಕು. ಹಾಗೆ ಹುಡುಕುತ್ತ ಹೋದ ಒಂದು ರೆಸಾರ್ಟಿನಲ್ಲಿ, ಒತ್ತಡ ಜಿಗಿದ ದಿನಗಳೆಲ್ಲ ಸೋಮವಾರಗಳೇ ಆಗಿದ್ದವು. ಅತಿಥಿಗಳು ಖಾಲಿ ಮಾಡಿದ ಕೊಠಡಿಗಳ ಶೌಚಾಲಯಗಳಿಗೆ ಅಂದು ಬೆಳಿಗ್ಗೆ ಬ್ಲೀಚಿಂಗ್ ಪೌಡರನ್ನು ಬೊಗಸೆಗಟ್ಟಲೆ ಸುರಿಯುತ್ತಿದ್ದರು.