ಅಧಿಶೋಷಣೆ ಎಂದರೆ ಹೀರುವುದಲ್ಲ

‘ಮಾರ್ಪಡಿಸಿದ ಜೇಡಿಮಣ್ಣು ನೀರಿನಲ್ಲಿರುವ ಔಷಧಗಳನ್ನು ಹೀರಿಕೊಂಡು ನಾಶಪಡಿಸುತ್ತದೆ.’ ಹಾಸನದ ಮಕ್ಕಳ ವಿಜ್ಞಾನ ಪ್ರದರ್ಶನವೊಂದರಲ್ಲಿ ಕಂಡ ಫಲಕದ ಮಾತಿದು. ಪಕ್ಕದ ಫಲಕ ಅದೇ ಕ್ರಿಯೆಯನ್ನು ‘ಅತಿಶೋಷಣೆ’ ಎಂದು ಕರೆದಿತ್ತು. ಮಕ್ಕಳನ್ನು ದೂರಿ ಫಲವಿಲ್ಲ. ದೊಡ್ಡವರು ಬರೆಯುವ ಲೇಖನಗಳಲ್ಲೂ ಈ ತಪ್ಪುಗಳು ಜೊತೆಯಾಗಿಯೇ ಓಡಾಡುತ್ತವೆ. ಸರಿಯಾದ ಪದ ಅಧಿಶೋಷಣೆ, ಅಂದರೆ ಒಂದು ವಸ್ತುವಿನ ಅಣುಗಳು ಇನ್ನೊಂದರ ಮೇಲ್ಮೈಗೆ ಹತ್ತಿಕೊಳ್ಳುವುದು. ಅದರಲ್ಲಿ ಹೀರುವುದೂ ಇಲ್ಲ, ನಾಶವೂ ಇಲ್ಲ.

ಗೊಂದಲದ ಬೇರು ಹಳೆಯದು. ಅಬ್ಸಾರ್ಪ್ಶನ್ (ಹೀರುವಿಕೆ), ಅಡ್ಸಾರ್ಪ್ಶನ್ (ಅಧಿಶೋಷಣೆ) ಎರಡೂ ಹುಟ್ಟಿದ್ದು ಲ್ಯಾಟಿನ್ನಿನ ‘ಸೋರ್ಬೇರೆ’ಯಿಂದ. ಹೀರು ಎಂದು ಅದರ ಅರ್ಥ. ‘ಅಡ್’ ಎಂಬ ಪೂರ್ವಪದ ‘ಕಡೆಗೆ’ ಎಂದು ಸೂಚಿಸುತ್ತದೆ. ಇದ್ದಿಲು ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದನ್ನು ರಸಾಯನವಿಜ್ಞಾನಿ ಷೀಲೆ 1773ರಲ್ಲೇ ಗಮನಿಸಿದ್ದ. ಆದರೆ ಮೇಲ್ಮೈಗೆ ಹತ್ತಿಕೊಳ್ಳುವ ಈ ಕ್ರಿಯೆಗೆ ಬೇರೆ ಹೆಸರು ಸಿಗಲು ಇನ್ನೂ ನೂರು ವರ್ಷ ಹಿಡಿಯಿತು. ಶರೀರವಿಜ್ಞಾನಿ ದು ಬುವಾ ರೇಮಂಡ್ ಕೊಟ್ಟ ಸಲಹೆಯಂತೆ ‘ಅಡ್ಸಾರ್ಪ್ಶನ್’ ಪದವನ್ನು 1881ರಲ್ಲಿ ಬಳಕೆಗೆ ತಂದವನು ಜರ್ಮನಿಯ ಭೌತವಿಜ್ಞಾನಿ ಹೈನ್ರಿಚ್ ಕೈಸರ್.

ಕನ್ನಡದಲ್ಲಿ ನಾವು ಸಂಸ್ಕೃತದ ಶೋಷಣವನ್ನು ಹಿಡಿದುಕೊಂಡೆವು. ‘ಶುಷ್’ ಧಾತುವಿಗೆ ಒಣಗು ಎಂಬ ಅರ್ಥ; ಶುಷ್ಕ ಬಂದದ್ದೂ ಅಲ್ಲಿಂದಲೇ. ಮನ್ಮಥನ ಐದು ಬಾಣಗಳಲ್ಲಿ ಒಂದಕ್ಕೆ ಶೋಷಣ ಎಂದೇ ಹೆಸರು. ಇವತ್ತು ಶೋಷಣೆ ಎಂದರೆ ಎಲ್ಲರ ಮನಸ್ಸಿಗೆ ಬರುವುದು ಬಡವರ ಬೆವರು ಹಿಂಡುವುದು. ಆ ಅರ್ಥದ ಪಕ್ಕ ‘ಅಧಿ’ ಬಂದು ನಿಂತರೆ ಕಿವಿಗೆ ‘ಅತಿ’ ಎಂದೇ ಕೇಳಿಸುತ್ತದೆ. ಅಧಿ ಎಂದರೆ ಮೇಲೆ. ಪದದ ಜೀವವೆಲ್ಲ ಆ ಎರಡಕ್ಷರದಲ್ಲಿದೆ, ನಾವು ಕೆಡಿಸುವುದೂ ಅದನ್ನೇ.

ನನ್ನನ್ನು ಕೇಳಿದರೆ ನಮ್ಮ ‘ಹತ್ತು’ ಎಂಬ ಕ್ರಿಯಾಪದವೇ ಇದಕ್ಕೆ ಹೆಚ್ಚು ಹತ್ತಿರ. ಮಲೆನಾಡಿನಲ್ಲಿ ಅಡಿಕೆ ಸುಲಿಯುವವರ ಬೆರಳಿಗೆ ಕರೆ ಹತ್ತುತ್ತದೆ. ಬೆರಳು ಕರೆಯನ್ನು ಹೀರಿತು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಮಣ್ಣಿನ ವಿಷಯದಲ್ಲಿ ಎಡವುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಜ್ಜಂಪುರದ ಕಡೆಯ ಎರೆ ಹೊಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅದರ ಜೇಡಿಯಲ್ಲಿ ಮುಖ್ಯವಾದದ್ದು ಸ್ಮೆಕ್ಟೈಟ್ ಗುಂಪಿನ ಖನಿಜ. ಆ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಮಾಂಟ್‌ಮೊರಿಲ್ಲೊನೈಟ್, ಫ್ರಾನ್ಸಿನ ಮಾಂಟ್‌ಮೊರಿಲ್ಲೊನ್ ಊರಿನಿಂದ ಬಂದದ್ದು. ಇದು ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳ ಕಟ್ಟು. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ. ಔಷಧದ ಅಣುವೂ ಅಲ್ಲಿಗೆ ಹೋಗಬಲ್ಲದು. ‘ಒಳಗೆ ಹೋಯಿತಲ್ಲ, ಹಾಗಾದರೆ ಹೀರಿದ್ದೇ ತಾನೇ?’ ಎಂದು ಕೇಳುವವರಿದ್ದಾರೆ. ಅಣು ಹೋದದ್ದು ಹಾಳೆಗಳ ಸಂದಿಗೆ. ಹಾಳೆಯ ಮೈಯೊಳಗೆ ಇಳಿಯಲಿಲ್ಲ. ಸಂದಿಯ ಎರಡೂ ಬದಿ ಮೇಲ್ಮೈಯೇ. ಅವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟ್‌ನ ಮೇಲ್ಮೈ 700ರಿಂದ 800 ಚದರ ಮೀಟರ್, ಅಂದರೆ ಸುಮಾರು ಏಳೆಂಟು ಗುಂಟೆ. ಸಕಲೇಶಪುರ, ಮೂಡಿಗೆರೆಯ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್‌ಗೆ ಈ ಸಂದಿಯ ಭಾಗ್ಯವಿಲ್ಲ, ಅದರ ಹಾಳೆಗಳು ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಆದ್ದರಿಂದ ‘ಮಣ್ಣು ಔಷಧವನ್ನು ತೆಗೆಯುತ್ತದೆ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಯಾವ ಮಣ್ಣು?

ಯಾವ ಔಷಧ ಎಂಬುದೂ ಅಷ್ಟೇ ಮುಖ್ಯ. ಮಾಂಟ್‌ಮೊರಿಲ್ಲೊನೈಟ್ ಹಾಳೆಯಲ್ಲಿ ಕೆಲವು ಅಲ್ಯುಮಿನಿಯಂ ಜಾಗಗಳಲ್ಲಿ ಮೆಗ್ನೀಷಿಯಂ ಕೂತಿರುವುದರಿಂದ ಹಾಳೆಗೆ ಋಣಾವೇಶ (ಋಣ ವಿದ್ಯುದಾವೇಶ) ಬರುತ್ತದೆ. ಅದನ್ನು ಸರಿದೂಗಿಸಲು ಸಂದಿಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳಿರುತ್ತವೆ. (ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಹಾಳೆಯ ರಚನೆಯೂ ಇದೇ ಬಗೆಯದು, ಆ ಹಾಳೆಗೆ ಆವೇಶವಿಲ್ಲ, ಅದಕ್ಕೇ ನೀರು ಸಂದಿಗೆ ನುಗ್ಗುವುದಿಲ್ಲ.) ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ನೀರಿನಲ್ಲಿ ಅದು ಧನಾವೇಶ ಹೊತ್ತಿರುವುದರಿಂದ ಸೋಡಿಯಂ ಅನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ನೋವಿನ ಮಾತ್ರೆಯ ಡೈಕ್ಲೊಫೆನಾಕ್ ನದಿ, ಕೆರೆಯ ನೀರಿನಲ್ಲಿ ಋಣಾವೇಶದ್ದು. ಬರಿಯ ಮಣ್ಣು ಅದನ್ನು ಹತ್ತಿರ ಸೇರಿಸುವುದಿಲ್ಲ. ದನಗಳಿಗೆ ಕೊಟ್ಟ ಈ ಔಷಧ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದರಿಂದ 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ಮನುಷ್ಯರ ಬಳಕೆ ಮುಂದುವರಿದಿದೆ.

‘ಮಾರ್ಪಡಿಸಿದ’ ಎಂಬ ವಿಶೇಷಣ ಬೇಕಾಗುವುದು ಇಲ್ಲಿ. ಸೋಡಿಯಂ ಜಾಗಕ್ಕೆ ಹದಿನಾರು ಇಂಗಾಲದ ಉದ್ದ ಬಾಲವಿರುವ ಚತುಷ್ಕ ಅಮೋನಿಯಂ ಎಂಬ ಧನಾವೇಶದ ಅಯಾನನ್ನು ತುಂಬಿದರೆ ನೀರು ಕಂಡರೆ ಉಬ್ಬುತ್ತಿದ್ದ ಮಣ್ಣು ಜಿಡ್ಡಿನ ಗುಣದ ಅಣುಗಳನ್ನು ಬಯಸತೊಡಗುತ್ತದೆ. ಮಣ್ಣಿನ ವಿನಿಮಯ ಸಾಮರ್ಥ್ಯಕ್ಕಿಂತ (ಅದು ಅದಲುಬದಲು ಮಾಡಿಕೊಳ್ಳಬಲ್ಲ ಅಯಾನುಗಳ ಮಿತಿಗಿಂತ) ಹೆಚ್ಚಾಗಿ ತುಂಬಿದರೆ ಮೇಲ್ಮೈ ಆವೇಶವೇ ಧನಕ್ಕೆ ತಿರುಗುತ್ತದೆ, ಆಗ ಡೈಕ್ಲೊಫೆನಾಕ್ ಬಂದು ಹತ್ತುತ್ತದೆ. ಹೀಗೆ ಸಾವಯವ ಅಯಾನು ತುಂಬಿ ಮಾರ್ಪಡಿಸಿದ ಮಣ್ಣೇ ಆರ್ಗ್ಯಾನೊಕ್ಲೇ. ಆದರೆ ಹೀಗೆ ಹೆಚ್ಚಾಗಿ ತುಂಬಿದ ಅಮೋನಿಯಂ ಲವಣ ಮಣ್ಣಿನಿಂದ ಬಿಟ್ಟು ನೀರಿಗೆ ಸೇರಿದರೆ ಜಲಚರಗಳಿಗೆ ವಿಷ. ಅದನ್ನು ಅಳೆಯದೆ ಹೇಮಾವತಿಗೋ ಯಗಚಿಗೋ ಈ ಮಣ್ಣು ಸುರಿಯೋಣ ಎನ್ನುವ ಉತ್ಸಾಹ ನನಗೆ ಒಪ್ಪಿಗೆಯಿಲ್ಲ.

‘ನಾಶಪಡಿಸುತ್ತದೆ’ ಎಂಬ ಪದಕ್ಕೆ ನನ್ನ ಆಕ್ಷೇಪ ಇನ್ನೂ ದೊಡ್ಡದು. ಮಣ್ಣಿಗೆ ಹತ್ತಿದ ಔಷಧ ಔಷಧವಾಗಿಯೇ ಇರುತ್ತದೆ. ನೀರಿನ ಪಿಎಚ್ ಬದಲಾದರೆ, ಉಪ್ಪಿನಂಶ ಏರಿದರೆ ಒಂದಿಷ್ಟು ಮತ್ತೆ ನೀರಿಗೆ ಇಳಿಯುತ್ತದೆ. ಹಾಗೆ ಬಿಡುವುದಕ್ಕೆ ವಿಶೋಷಣೆ ಎನ್ನುತ್ತಾರೆ. ಬಳಸಿದ ಮಣ್ಣನ್ನು ಕಾಫಿ ಗಿಡದ ಬುಡಕ್ಕೆ ಹಾಕಿದರೆ ಔಷಧ ನೀರಿನಿಂದ ತೋಟಕ್ಕೆ ಬಂದಂತಾಯಿತು, ಅಷ್ಟೆ.

ನಾಶವಾಗಬೇಕೆಂದರೆ ಮಣ್ಣನ್ನು ಸುಡುವುದು ಒಂದು ದಾರಿ. ಸುಟ್ಟರೆ ಆರ್ಗ್ಯಾನೊಕ್ಲೇಯ ಬಾಲಗಳೂ ಔಷಧದ ಜೊತೆಗೇ ಉರಿದುಹೋಗುತ್ತವೆ, ಮಣ್ಣನ್ನು ಮತ್ತೆ ಮೊದಲಿನಿಂದ ಮಾರ್ಪಡಿಸಬೇಕಾಗುತ್ತದೆ. ಹಾಳೆಗಳ ನಡುವೆ ಅಲ್ಯುಮಿನಾದ ಕಂಬ ನಿಲ್ಲಿಸಿದ ಪಿಲ್ಲರ್ಡ್ ಕ್ಲೇ ಈ ವಿಷಯದಲ್ಲಿ ಗಟ್ಟಿ: ತಯಾರಿಸುವಾಗಲೇ ಅದನ್ನು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿರುತ್ತಾರೆ, ಮತ್ತೊಮ್ಮೆ ಕಾಯಿಸಿದರೆ ಕಂಬ ಬೀಳುವುದಿಲ್ಲ.